ಕರುಳೋ ನೈಲಾನೋ

ಜೂನ್ ೪, ಬುಧವಾರ

ನನ್ನ ಲ್ಯೂಟಿನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರದ ತಂತಿ ಇವತ್ತು ಕೈಕೊಟ್ಟಿತು. ಹರಿದಿದ್ದರೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಇದು ಸುಮ್ಮನೆ ಸತ್ತುಹೋಯಿತು. ಮೀಟಿದರೆ ಒದ್ದೆ ಬಟ್ಟೆ ಕೊಡವಿದ ಹಾಗೆ ಕೇಳುತ್ತದೆ. ಉಳಿದ ತಂತಿಗಳೂ ಅದರ ಓರಗೆಯವೇ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದೇ ವಾಸಿ.

ಕನ್ನಡಕದ ಅಂಗಡಿಯ ಕೆಲಸ ಮುಗಿಸಿ, ವಾದ್ಯವನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದಾತ, "ಚೀಲದಲ್ಲೇನು, ಕುಂಬಳಕಾಯಾ?" ಎಂದು ಕೇಳಿದ. ಅವನ ತಪ್ಪಲ್ಲ. ತೆಳು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಗುಂಡು ಹೊಟ್ಟೆ, ಗಿಡ್ಡ ಕತ್ತು, ಹಿಂದಕ್ಕೆ ಮುರಿದು ಬಿದ್ದ ಹಾಗೆ ಬಾಗಿದ ತಲೆ. ಗಿಟಾರಿಗೆ ಒಬ್ಬಳು ದಪ್ಪ ಹೊಟ್ಟೆಯ ಅಜ್ಜಿ ಇದ್ದಿದ್ದರೆ ಹೀಗೇ ಇರುತ್ತಿದ್ದಳು.

ಹೋದದ್ದು ಬಿರಡೆಯವರ ಹತ್ತಿರ. ಈ ಲ್ಯೂಟನ್ನು ಮಾಡಿಕೊಟ್ಟವರು ಅವರೇ. ಯಾರೊಂದಿಗೆ ಮಾತಾಡುವಾಗಲೂ ಕೈಯಲ್ಲೊಂದು ತಂತಿ ಬಿಗಿಯುವ ಬಿರಡೆ ಹಿಡಿದು ತಿರುವುತ್ತಿರುತ್ತಾರಾದ್ದರಿಂದ ಅಕ್ಕ ಅವರಿಗೆ ಈ ಹೆಸರಿಟ್ಟಳು. ಅವರ ಎದುರಿಗೇ ಬಾಯಿತಪ್ಪಿ ಕರೆದದ್ದೂ ಉಂಟು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ಕೂರುವ ಮೊದಲೇ, "ಕರುಳಿನ ತಂತಿ ಹಾಕಿ," ಎಂದರು.

"ಶುರುವಾಯ್ತಾ ನಿಮ್ಮ ರಾಗ?"

"ಕುರಿ ಕರುಳು ಕಣ್ರೀ. ಈ ವಾದ್ಯ ಹುಟ್ಟಿದ್ದೇ ಅದಕ್ಕೋಸ್ಕರ. ನೀವು ಹಾಕೋ ನೈಲಾನು ಮೀನು ಹಿಡಿಯೋಕೆ ಲಾಯಕ್ಕು."

"ಒಂದು ಮೋಡ ಬಂದ್ರೆ ಸಾಕು, ಕರುಳಿನದು ಶ್ರುತಿ ಬಿಡುತ್ತೆ."

"ಬಿಟ್ರೆ ಮತ್ತೆ ಕೂಡಿಸಿ. ಬಸ್ಸೇನಾದ್ರೂ ತಪ್ಪುತ್ತಾ?"

ನೈಲಾನನ್ನೇ ತಂದೆ. ಅವರಿಗೆ ಹೇಳಿದರೆ ತಿಳಿಯುವುದಿಲ್ಲ. ಇದು ನನ್ನ ಕಿವಿಗಾಗಿ ಅಲ್ಲ, ಅಕ್ಕನಿಗಾಗಿ. ಲಂಗ ಹಾಕಿಕೊಳ್ಳುತ್ತಿದ್ದ ಕಾಲದಿಂದ ಅವಳು ಹಾಡುವುದು, ನಾನು ನುಡಿಸುವುದು. ಬೇಸಿಗೆಯ ಮೊದಲಲ್ಲಿ ಅವಳ ಕತ್ತಿನ ಥೈರಾಯ್ಡ್ ಗೆಡ್ಡೆ ತೆಗೆದರು. ಗೆಡ್ಡೆಯೇನೋ ಹೋಯಿತು, ಜೊತೆಗೆ ಧ್ವನಿಯ ನರಕ್ಕೆ ಪೆಟ್ಟಾಯಿತು. ಸದ್ಯಕ್ಕೆ ಮಾತಾಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ. ಬರುತ್ತದೆ, ಕಾಯಿರಿ ಎಂದಿದ್ದಾರೆ ಗಂಟಲಿನ ಡಾಕ್ಟರಮ್ಮ. ಲೈಬ್ರರಿಯ ಹಾಲ್‌ನಲ್ಲಿ ಪ್ರತಿ ವರ್ಷ ಆಗುವ ನಮ್ಮ ಕಾರ್ಯಕ್ರಮ ಈ ಸಲ ಆಗಸ್ಟಿನಲ್ಲಿ. ಅಷ್ಟರೊಳಗೆ ಅವಳ ಧ್ವನಿ ಮೊದಲಿನ ಹಾಗಾಗಬೇಕು. ಅವಳು ಮತ್ತೆ ಬಾಯಿ ತೆರೆದಾಗ ಕಾಲ ಕೆಳಗಿನ ನೆಲ ಅಲುಗಾಡಬಾರದು. ಅದಕ್ಕೇ ನೈಲಾನು.

ಅಕ್ಕನ ಉಸಿರಾಟದ ಅಭ್ಯಾಸಕ್ಕೊಂದು ವೇಳಾಪಟ್ಟಿಯನ್ನೂ ಬರೆದಿಟ್ಟೆ. ಚೆನ್ನಾಗಿ ಬಂದಿದೆ.

ಜೂನ್ ೮, ಭಾನುವಾರ

ಹೊಸ ತಂತಿ ಹಾಕಿಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಭಾವ ಕಿಟಕಿ ಪಕ್ಕದಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ಯಾವುದೋ ಹೋಟೆಲಿನ ಪರದೆಗಳಂತೆ. ಮನೆಯೆಲ್ಲ ನೀಲಿ ಬಟ್ಟೆ. "ಬಂದ್ಳಪ್ಪ ನಾದಿನಿ! ನಾದ ಹೊರಡಿಸೋದ್ರಿಂದ ನಾದಿನಿ," ಎಂದರು. ಮದುವೆಯಾದಾಗಿನಿಂದ ಇದೊಂದೇ ಜೋಕು; ಹಳೆಯ ಚಪ್ಪಲಿಯ ಹಾಗೆ ಅವರಿಗೆ ಹದವಾಗಿ ಕೂತುಬಿಟ್ಟಿದೆ.

ಅಕ್ಕ ಲೋಟದ ಮೇಲೆ ಚಮಚ ಬಡಿದು ಮಾತಾಡುತ್ತಾಳೆ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ, ಬಿಡದೆ ಬಡಿದರೆ ಭಾವ ಬಾಯಿ ಮುಚ್ಚಬೇಕು.

ಅಂಬಿಗನ ಹಾಡಿನ ಮೊದಲ ಭಾಗ ನುಡಿಸಿದೆ, ಅವಳ ಎಂದಿನ ಶ್ರುತಿಯಲ್ಲೇ. ನೈಲಾನು ಎಷ್ಟು ಖಣಖಣ! ಒಂದು ಸ್ವರವೂ ಆಚೀಚೆ ಇಲ್ಲ. ಅವಳು ಹಾಡು ಎತ್ತಿಕೊಳ್ಳುವ ಜಾಗ ಬಂದಾಗ, ಸುಮ್ಮನೆ ನೆನಪಿಗಿರಲಿ ಎಂದು, ಒಂದು ಗಳಿಗೆ ತಡೆದೆ.

ಅಕ್ಕ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು.

ಮಿಷನ್ನೂ ನಿಂತಿತು. "ಸ್ವಲ್ಪ ಜಾಸ್ತಿಯಾಯ್ತೇನೋ," ಎಂದರು ಭಾವ.

"ಸದ್ದಾ?"

"ಅದೂ."

ನನಗೆ ಕೋಪವೇ ಬಂತು. ಯಾರಿಗಾಗಿ ಇಷ್ಟೆಲ್ಲ? ಹೊರಡುವಾಗ ವೇಳಾಪಟ್ಟಿಯನ್ನು ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಂದೆ. ಮಾಡಿದ್ದಕ್ಕೆ ಎದುರಿಗೆ ಗುರುತು ಹಾಕು ಎಂದೆ. ಚಮಚ ಕೈಯಲ್ಲೇ ಇತ್ತು, ಅವಳು ಬಡಿಯಲಿಲ್ಲ.

ಜೂನ್ ೧೩, ಶುಕ್ರವಾರ

ಮೆಲ್ಲಗೆ ಮಾತಾಡಬಹುದೆಂದು ಡಾಕ್ಟರಮ್ಮ ಅನುಮತಿ ಕೊಟ್ಟಿದ್ದಾರೆ. ಇಷ್ಟು ದಿನಗಳ ಮೇಲೆ ಅಕ್ಕ ಆಡಿದ ಮೊದಲ ಮಾತು "ಉಪ್ಪು". ಭಾವನ ಅಡುಗೆಗೆ ಅದು ಇರಲಿಲ್ಲವಂತೆ. ಅವರು ಫೋನಿನಲ್ಲಿ ಇದನ್ನು ಹೇಳುವಾಗ ಪ್ರಶಸ್ತಿ ಬಂದವರ ಹಾಗೆ ಹೇಳಿದರು.

ಸಂಜೆ ಹೋಗಿ ಕೇಳಿಸಿಕೊಂಡೆ. ಮಳೆಗಾಲದಲ್ಲಿ ಊದಿದ ಮರದ ಬಾಗಿಲನ್ನು ಎಳೆದ ಹಾಗಿದೆ ಧ್ವನಿ. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ತೋರಿಸಲಿಲ್ಲ ಎಂದುಕೊಂಡಿದ್ದೇನೆ.

"ಅಭ್ಯಾಸ ಮಾಡ್ದೆಯಾ?"

"ಮಾಡ್ದೆ."

ಫ್ರಿಜ್ಜಿನ ಹತ್ತಿರ ಹೋಗಿ ನೋಡಿದೆ. ಎಲ್ಲದರ ಎದುರಿಗೂ ಗುರುತು ಬಿದ್ದಿದೆ, ನೀಲಿ ಸೀಮೆಸುಣ್ಣದಲ್ಲಿ. ಭಾವ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ. ಗಂಡಹೆಂಡತಿ ಇಬ್ಬರೂ ಶಾಲೆ ಮಕ್ಕಳ ಹಾಗೆ ಬೇರೆ ಕಡೆ ನೋಡುತ್ತಿದ್ದರು.

ಜೂನ್ ೨೦, ಶುಕ್ರವಾರ

ಬಿರಡೆಯವರು ಅಂಗಡಿಗೆ ಬಂದಿದ್ದರು. ಕನ್ನಡಕದ ಮೇಲೆ ತಾವೇ ಕೂತುಕೊಂಡರಂತೆ. ಅದರ ಕಾಲುಗಳನ್ನು ಬಿಸಿ ಮಾಡಿ ಬಗ್ಗಿಸಿ, ಮೂಗಿನ ಮೇಲೆ ಕೂರುವ ಗುಬಟನ್ನು ಬದಲಾಯಿಸುತ್ತಿದ್ದಾಗ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

"ಕರುಳು. ಹಾಕಿ ನೋಡಿ. ಹಿಡಿಸ್ಲಿಲ್ಲ ಅಂದ್ರೆ ವಾಪಸ್ ತಂದುಕೊಡಿ, ನಾನೇನೂ ಅಂದುಕೊಳ್ಳಲ್ಲ."

"ಖಂಡಿತ ಅಂದುಕೊಳ್ತೀರಿ."

"ಅಂದುಕೊಳ್ತೀನಿ. ಹೇಳಲ್ಲ."

ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ಜೇನಿನ ಬಣ್ಣದ ಸುರುಳಿಗಳು. ನೈಲಾನಿನ ಹಾಗೆ ನುಣುಪಲ್ಲ, ಬೆರಳಿಗೆ ಸ್ವಲ್ಪ ತರಿತರಿ. ಸಣ್ಣದೊಂದು ಪ್ರಾಣಿವಾಸನೆಯೂ ಇದೆ. ನನಗೆ ಗೊತ್ತಾಗುವ ಮೊದಲೇ ಬೆಕ್ಕಿಗೆ ಗೊತ್ತಾಯಿತು. ಕೈ ತೊಳೆದು ಬರುವಷ್ಟರಲ್ಲಿ ಒಂದು ಸುರುಳಿ ಅದರ ಬಾಯಲ್ಲಿ. ಮಂಚದ ಕೆಳಗೆ, ಬೀರುವಿನ ಹಿಂದೆ, ಕೊನೆಗೆ ಬಟ್ಟೆಬುಟ್ಟಿಯೊಳಗೆ ಅಟ್ಟಿಸಿಕೊಂಡು ಹೋಗಿ ಕಸಿದುಕೊಳ್ಳಬೇಕಾಯಿತು. ಆಮೇಲೂ ಲ್ಯೂಟಿನ ಚೀಲವನ್ನು ಕಾಯುತ್ತ ಕೂತಿತ್ತು.

ಈ ಮನೆಯಲ್ಲಿ ಇರುವುದು ನಾನು ಮತ್ತು ಬೆಕ್ಕು. ಅದರ ಮತ ಕರುಳಿಗೆ ಬಿದ್ದಾಯಿತು.

ಜೂನ್ ೨೨, ಭಾನುವಾರ

ಬೆಕ್ಕಿನ ಕಾಟಕ್ಕೆ ಲ್ಯೂಟನ್ನೂ ಪೊಟ್ಟಣವನ್ನೂ ಅಕ್ಕನ ಮನೆಗೆ ಸಾಗಿಸಿದೆ. ಕರುಳಿನ ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇರಲಿ.

ಅವರ ಊಟದ ಮೇಜಿನ ಮೇಲೆ ಟವಲ್ ಹಾಸಿ ವಾದ್ಯವನ್ನು ಮಲಗಿಸಿ ತಂತಿ ಕಟ್ಟಿದೆ. ಮೇಲಿನದೊಂದು ಒಂಟಿ, ಉಳಿದವೆಲ್ಲ ಜೋಡಿಜೋಡಿ. ತಂತಿ ಕೂರುವ ಕುದುರೆಯ ಬಳಿ ಗಂಟು ಹಾಕಿ ಬಿರಡೆಗೆ ಸುತ್ತಿ ಬಿಗಿ ಮಾಡುತ್ತ ಹೋದಂತೆಲ್ಲ ಕರುಳು ಹಿಗ್ಗುತ್ತಲೇ ಇರುತ್ತದೆ. ಒಂದು ಜೋಡಿ ಕೂಡಿತು ಎಂದು ಇನ್ನೊಂದಕ್ಕೆ ಹೋದರೆ ಮೊದಲನೆಯದು ಜಾರಿರುತ್ತದೆ. ಅದನ್ನು ಸರಿಮಾಡಿದರೆ ಇದು. ಕುರಿ ಸತ್ತ ಮೇಲೂ ಮೊಂಡುತನ ಬಿಟ್ಟಿಲ್ಲ.

"ಒಂದು ಹಾಡು ನುಡಿಸೋಕಾಗಲ್ಲ ಇದ್ರಲ್ಲಿ! ಬರೀ ಕಿವಿ ಹಿಂಡ್ತಾ ಕೂರೋದೇ ಆಯ್ತು!" ಎಂದು ರೇಗಿದೆ.

ಅಷ್ಟರಲ್ಲಿ ಪಟ್ ಎಂದು ಮೇಲಿನ ತಂತಿ ಹರಿದು ನನ್ನ ಮೂಗಿಗೆ ಬಡಿಯಿತು.

ಅಕ್ಕ ನಕ್ಕಳು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ತಡೆಯಲಾರದೆ. ನಗುವಿನಲ್ಲೂ ಆ ಬಾಗಿಲಿನ ಕಿರಕಿರ ಇತ್ತು. ಭಾವ ಮಿಷನ್ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿದರು. ನನ್ನ ಮೂಗು ಕೆಂಪಾಗಿತ್ತು. ಆಗಲಿ.

ಜೂನ್ ೨೫, ಬುಧವಾರ

ದಿನಾ ಸಂಜೆ ಅಂಗಡಿಯಿಂದ ನೇರ ಅಲ್ಲಿಗೆ. ಹೊಸ ಕರುಳನ್ನು ಒಂದು ದಿನ ಬಿಟ್ಟರೂ ಮೊದಲಿಂದ ಶುರುಮಾಡಬೇಕಾಗುತ್ತದೆ. ಹೋಗುವುದು, ಕೂಡಿಸುವುದು, ಕಾಫಿ ಕುಡಿದು ಬರುವುದು. ಈ ವಯಸ್ಸಿನಲ್ಲಿ ಕೂಸಿಗೆ ಹಾಲೂಡಿಸುವವಳ ಹಾಗಾಗಿದೆ ನನ್ನ ಪಾಡು.

ಜೂನ್ ೨೮, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ನಾನು ಕಿಟಕಿಗೆ ಬೆನ್ನು ಹಾಕಿ ಕೂತು ನಡುವಿನ ಜೋಡಿಯನ್ನು ಕೂಡಿಸುತ್ತಿದ್ದೆ. ಅಕ್ಕ ನನ್ನ ಹಿಂದೆ ನೆಲದ ಮೇಲೆ ಕೂತು ಪರದೆಗಳಿಗೆ ಕೈಯಲ್ಲಿ ಅಂಚು ಹೊಲಿಯುತ್ತಿದ್ದಳು. ಎರಡು ತಂತಿಗಳೂ ಹತ್ತಿರ ಹತ್ತಿರ ಬಂದಾಗ ಸ್ವರ ಅಲೆಅಲೆಯಾಗಿ ಅಲ್ಲಾಡುತ್ತದೆ. ಅಲೆ ನಿಧಾನವಾಗುತ್ತ ಹೋಗಿ, ಒಂದು ಹೊತ್ತಿನಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಹಾಗೆ ನಿಂತಿತು ಎನ್ನುವಷ್ಟರಲ್ಲಿ ಮೂರನೆಯದೊಂದು ಸದ್ದು ಕೇಳಿತು. ಒಳಗೆ ಯಾವುದೋ ಪಟ್ಟಿಯ ಅಂಟು ಬಿಟ್ಟಿರಬೇಕೆಂದು ಹೆದರಿ ವಾದ್ಯದ ಹೊಟ್ಟೆಗೆ ಕಿವಿಯಿಟ್ಟೆ. ಅಲ್ಲಿ ಏನೂ ಇಲ್ಲ.

ತಲೆಯೆತ್ತಿದರೆ ಭಾವ ಮಿಷನ್ನಿನ ಹಿಂದಿನಿಂದ ನನ್ನತ್ತ ಕಣ್ಣರಳಿಸಿ ತಲೆಯಾಡಿಸುತ್ತಿದ್ದಾರೆ: ತಿರುಗಬೇಡ, ತಿರುಗಬೇಡ.

ಅಕ್ಕ ಗುನುಗುತ್ತಿದ್ದಳು. ಬಾಯಿ ಮುಚ್ಚಿಕೊಂಡು, ಒಂದೇ ಸ್ವರ, ದಾರ ಎಳೆಯುವಷ್ಟು ಹೊತ್ತು. ಸೂಜಿ ಚುಚ್ಚುವಾಗ ನಿಲ್ಲುತ್ತಿತ್ತು. ಅವಳಿಗೇ ಗೊತ್ತಿತ್ತೋ ಇಲ್ಲವೋ.

ತಂತಿ ಸರಿಯಾಗಿ ಕೂಡಿತ್ತು. ನಾನೇ ಅದನ್ನು ಇಳಿಸಿದೆ. ಮತ್ತೆ ಮೆಲ್ಲಗೆ ಏರಿಸುತ್ತ ಬಂದೆ. ಆಮೇಲೆ ಇನ್ನೊಂದು ಸಲ. ಭಾವ ಹೊಲಿಯುವುದನ್ನೇ ನಿಲ್ಲಿಸಿ, ಸದ್ದಾಗದ ಹಾಗೆ ಕತ್ತರಿಯನ್ನು ಬಟ್ಟೆಯ ಮೇಲಿಟ್ಟರು.

ಕಾಫಿ ಎಂದಿಗಿಂತ ಚೆನ್ನಾಗಿತ್ತು.

ಜುಲೈ ೧, ಮಂಗಳವಾರ

ಮಳೆ. ಎಲ್ಲ ತಂತಿಗಳೂ ಶ್ರುತಿ ಬಿಟ್ಟಿದ್ದವು. ಹೆಚ್ಚು ಹೊತ್ತು ಕೂರಲು ಸಿಕ್ಕಿತು.

ಜುಲೈ ೩, ಗುರುವಾರ

ಅಕ್ಕ ಈಗ ನನ್ನ ಎದುರಿಗೇ ಕೂರುತ್ತಾಳೆ. ನಾನು ಮೀಟುತ್ತೇನೆ, ಅವಳು ಹಿಡಿಯುತ್ತಾಳೆ. ಕೆಳಗಿನ ದಪ್ಪ ತಂತಿಗಳ ಸ್ವರಕ್ಕೆ ಸಲೀಸಾಗಿ ಬರುತ್ತಾಳೆ, ಮೇಲಕ್ಕೆ ಹೋದಂತೆ ಗಾಳಿ ಮಾತ್ರ ಬರುತ್ತದೆ. ಹಾಗಾದಾಗ ನಾನು ಕೆಳಗಿನದಕ್ಕೇ ವಾಪಸಾಗುತ್ತೇನೆ, ಅದನ್ನೇ ಸರಿಮಾಡಬೇಕಿತ್ತು ಎನ್ನುವ ಹಾಗೆ.

ವೇಳಾಪಟ್ಟಿ ಫ್ರಿಜ್ಜಿನ ಮೇಲಿರಲಿಲ್ಲ. ಭಾವ ಅದರ ಹಿಂಬದಿಯಲ್ಲಿ ಯಾರದೋ ಕಾಲರಿನ ಅಳತೆ ಬರೆದು ಕತ್ತರಿಸಿದ್ದಾರೆ. ದಪ್ಪ ಕಾಗದ, ಕಾಲರಿಗೆ ಹೇಳಿ ಮಾಡಿಸಿದ್ದು.

ಜುಲೈ ೮, ಮಂಗಳವಾರ

ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಪರದೆಯ ಮೇಲೆ ನಮಗೂ ತೋರಿಸಿದರು. ಧ್ವನಿ ಹೊರಡಿಸುವ ಎರಡು ಮಡಿಕೆಗಳಲ್ಲಿ ಒಂದು ಕಡೆಯದು ಲವಲವಿಕೆಯಿಂದ ಮುಚ್ಚಿ ತೆರೆಯುತ್ತದೆ, ಇನ್ನೊಂದು ಸೋಮಾರಿಯ ಹಾಗೆ ಅರ್ಧ ಬಂದು ನಿಲ್ಲುತ್ತದೆ.

"ಮಾತು ಇನ್ನೂ ತಿಳಿಯಾಗುತ್ತೆ. ಕೆಳಗಿನ ಸ್ವರಗಳು ಗಟ್ಟಿಯಾಗ್ತವೆ. ಆದ್ರೆ ಮೇಲಿನವು..." ಎಂದು ನಿಲ್ಲಿಸಿ, "ನಾನು ಆಸೆ ಹುಟ್ಟಿಸಿದ್ರೆ ತಪ್ಪಾಗುತ್ತೆ," ಎಂದರು.

ಅಕ್ಕ, "ಸರಿ ಡಾಕ್ಟ್ರೇ," ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತು ಅಂಗಡಿಗಳನ್ನು ನೋಡುತ್ತ ಬಂದಳು. ನನಗೆ ಏನನ್ನೂ ನೋಡಲಾಗಲಿಲ್ಲ. ಇವತ್ತು ಇಷ್ಟೇ.

ಜುಲೈ ೧೦, ಗುರುವಾರ

ನಿನ್ನೆ ಹೋಗಲಿಲ್ಲ. ಇವತ್ತು ಹೋದಾಗ ಲ್ಯೂಟು ಚೀಲದಿಂದ ಹೊರಗೆ, ಕುರ್ಚಿಯ ಮೇಲೆ ಕೂತಿತ್ತು, ನೆಂಟರ ಹಾಗೆ.

"ನಿನ್ನೆ ಯಾಕೆ ಬರ್ಲಿಲ್ಲ?" ಎಂದಳು ಅಕ್ಕ. "ಪಾಪ, ಎಲ್ಲಾ ತಂತಿ ಜೋಲುಬಿದ್ದಿವೆ."

"ಮನಸ್ಸಾಗ್ಲಿಲ್ಲ ಕಣೆ."

"ನನ್ನ ಗಂಟಲು, ನಿನಗ್ಯಾಕೆ ನೋವು?" ಎಂದಳು. ಆಮೇಲೆ ಲ್ಯೂಟನ್ನು ನನ್ನ ಮಡಿಲಿಗಿಟ್ಟು, "ಪುಟ್ಟೀ, ಇದನ್ನ ಕೆಳಗಿಳಿಸೋಕಾಗುತ್ತಾ?"

"ಯಾವುದನ್ನ?"

"ಎಲ್ಲಾನೂ. ನಾನು ಎಲ್ಲಿದ್ದೀನೋ ಅಲ್ಲಿಗೆ."

ಐವತ್ತು ದಾಟಿದವಳನ್ನು ಪುಟ್ಟಿ ಎನ್ನುವವಳು ಲೋಕದಲ್ಲಿ ಇವಳೊಬ್ಬಳೇ. ಇಳಿಸಿದೆ. ಅವಳು ಅಂಬಿಗನ ಹಾಡಿನ ಮೊದಲ ಸಾಲನ್ನು ಅಲ್ಲಿಂದ ಹಿಡಿದಳು. ಸಾಲು ಪೂರ್ತಿ ಬಂತು. ಧ್ವನಿ ಒರಟು, ಗಾಳಿ ಬೆರೆತದ್ದು, ದಡದ ಮರಳಿನ ಮೇಲೆ ದೋಣಿ ಎಳೆದ ಹಾಗೆ. ಆ ಹಾಡನ್ನು ನಾನು ಎಷ್ಟು ವರ್ಷಗಳಿಂದ ನುಡಿಸುತ್ತಿದ್ದೇನೆ. ಅದರಲ್ಲಿರುವ ಅಂಬಿಗ ಮುದುಕ ಎಂಬುದೇ ನನಗೆ ಹೊಳೆದಿರಲಿಲ್ಲ.

ಆದರೆ ಇಳಿಸಿದ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಷ್ಟು ಸಡಿಲ. ಈ ಶ್ರುತಿಗೆ ದಪ್ಪ ತಂತಿಗಳು ಬೇಕು.

ಜುಲೈ ೧೫, ಮಂಗಳವಾರ

ಬಿರಡೆಯವರು ಎರಡು ಬಗೆಯನ್ನೂ ದಪ್ಪದ್ದೇ ಕೊಟ್ಟರು. ಒಂದು ಕೈಯಿಂದ ಕರುಳು ಕೊಡುವಾಗ ಮುಖ ಅರಳಿತ್ತು, ಇನ್ನೊಂದರಿಂದ ನೈಲಾನು ಕೊಡುವಾಗ ಔಷಧಿ ಕುಡಿದವರ ಹಾಗಿತ್ತು.

ಜುಲೈ ೨೦, ಭಾನುವಾರ

ಇವತ್ತು ಪರೀಕ್ಷೆ. ಬಿರಡೆಯವರ ಅಂಗಡಿಯಲ್ಲಿದ್ದ, ನನ್ನದರ ಅಳತೆಯದೇ ಇನ್ನೊಂದು ಲ್ಯೂಟನ್ನು ಎರವಲು ತಂದು ಅದಕ್ಕೆ ನೈಲಾನು, ನನ್ನದಕ್ಕೆ ಕರುಳು ಹಾಕಿದ್ದೆ. ಪರದೆಯ ಬಟ್ಟೆಯನ್ನು ಅಡ್ಡ ಕಟ್ಟಿ, ಅದರ ಹಿಂದೆ ಕೂತು ಒಂದಾದ ಮೇಲೊಂದು ನುಡಿಸಿದೆ.

"ಎರಡನೇದು," ಎಂದರು ಭಾವ.

ಕ್ರಮ ಬದಲಾಯಿಸಿ ನುಡಿಸಿದೆ.

"ಎರಡನೇದೇ. ಅನುಮಾನವೇ ಇಲ್ಲ."

"ಈ ಸಲದ ಎರಡನೇದು ಹೋದ ಸಲದ ಮೊದಲನೇದು ಭಾವ."

"ಹಾಗಾದ್ರೆ ಅದು ಸುಧಾರಿಸಿದೆ."

ಅಕ್ಕನ ಚಮಚ ಬಿಡದೆ ಬಡಿಯಿತು. ಮಾತು ಬಂದಿದ್ದರೂ ಈ ಒಂದು ಕೆಲಸಕ್ಕೆ ಅವಳು ಚಮಚವನ್ನು ಉಳಿಸಿಕೊಂಡಿದ್ದಾಳೆ.

ಆಮೇಲೆ ಎರಡರ ಜೊತೆಗೂ ಹಾಡಿ ನೋಡಿದಳು. ನೈಲಾನು ಅಚ್ಚುಕಟ್ಟು, ಹಾಡು ಮುಗಿಯುವವರೆಗೆ ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಕರುಳು ಮೂರನೆಯ ಸಾಲಿಗೇ ತಕರಾರು ತೆಗೆಯಿತು. ನನ್ನ ಮನಸ್ಸು ಮತ್ತೆ ನೈಲಾನಿನ ಕಡೆಗೇ ವಾಲುತ್ತಿತ್ತು.

"ನಿಂಗೆ ಯಾವುದು ಹಿತ?" ಎಂದು ಕೇಳಿದೆ. ಕೇಳಿದ ಮೇಲೆ ಅನ್ನಿಸಿತು, ಇದನ್ನು ಅವಳನ್ನು ಯಾವತ್ತೂ ಕೇಳಿರಲಿಲ್ಲ.

ಅಕ್ಕ ನೀರು ಕುಡಿದು, ಯೋಚನೆ ಮಾಡಿ ಹೇಳಿದಳು: "ನೈಲಾನಿಂದು ನಾನು ಉಸಿರು ತಗೊಳ್ಳೋವಾಗಲೂ ಹಾಡ್ತಾನೇ ಇರುತ್ತೆ ಕಣೆ. ನಾನು ಹಿಂದೆ ಬಿದ್ದೆ ಅನ್ನಿಸುತ್ತೆ. ಇದು ಹಾಗಲ್ಲ. ಒಂದು ಮಾತಾಡಿ ಸುಮ್ಮನಾಗುತ್ತೆ. ಇದಕ್ಕೂ ನನ್ನಷ್ಟೇ ಉಸಿರು."

ನಿಜ. ನೈಲಾನಿನ ಸ್ವರ ಉದ್ದಕ್ಕೆ ತೇಲುತ್ತದೆ, ಕರುಳಿನದು ಬೇಗ ಅಡಗುತ್ತದೆ. ಅದನ್ನು ನಾನು ಇಷ್ಟು ದಿನ ಕೊರತೆ ಎಂದೇ ಲೆಕ್ಕ ಹಿಡಿದಿದ್ದೆ.

ಆಗಸ್ಟ್ ೨, ಶನಿವಾರ

ಹಾಲ್ ನೋಡಲು ಲೈಬ್ರರಿಗೆ ಹೋಗಿದ್ದೆವು. ಉದ್ದನೆಯ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕುತ್ತಾರೆ. ತಲೆಯ ಮೇಲೆ ದೊಡ್ಡ ಫ್ಯಾನುಗಳು. ಲೈಬ್ರರಿಯ ಮೇಡಂ ತುಂಬಾ ಒಳ್ಳೆಯವರು, "ಜನ ಕೇಳ್ತಾ ಇದ್ದಾರೆ. ಹೋದ ವರ್ಷದ ಹಾಗೇ ಇರುತ್ತಲ್ವಾ?" ಎಂದರು.

"ಇರಲ್ಲ," ಎಂದಳು ಅಕ್ಕ. ಮೇಡಂಗೆ ಆ ಧ್ವನಿ ಕೇಳಿಯೇ ಉತ್ತರ ಸಿಕ್ಕಿತು. ಕಾರ್ಡುಗಳನ್ನು ಜೋಡಿಸುತ್ತ, "ಹಾಡೋದು ಬೇಡ ಅನ್ನಿಸಿದ್ರೆ ಮುಂದಕ್ಕೆ ಹಾಕೋಣ," ಎಂದರು.

"ಅನ್ನಿಸಿದ್ರೆ ಹೇಳ್ತೀನಿ."

ಫ್ಯಾನಿನ ಕೆಳಗೆ ಕೂತು ನುಡಿಸಿ ನೋಡುತ್ತಿದ್ದಾಗ ಮೇಲಿನ ತಂತಿ ಮತ್ತೆ ಹರಿಯಿತು. ಅಷ್ಟು ತೆಳುವಾದ ಕರುಳು ಆ ಗಾಳಿಗೆ ನಿಲ್ಲುವುದಿಲ್ಲ. ಜನರ ಮುಂದೆ, ಅವಳ ಹಾಡಿನ ನಡುವೆ ಹೀಗಾದರೆ? ಎಲ್ಲ ಬಿಚ್ಚಿ ನೈಲಾನು ಹಾಕಿಬಿಡುತ್ತೇನೆ ಎಂದೆ.

ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಅಕ್ಕ ನನ್ನ ಕೈಯಿಂದ ಹರಿದ ತುಂಡನ್ನು ತೆಗೆದುಕೊಂಡು ಬೆರಳಿಗೆ ಸುತ್ತಿಕೊಂಡಳು.

"ಮೇಲಿಂದೊಂದು ನೈಲಾನು ಹಾಕು. ಉಳಿದಿದ್ದೆಲ್ಲ ಕರುಳಿರ್ಲಿ."

"ಅರ್ಧಂಬರ್ಧವಾ? ಬಿರಡೆಯವ್ರು ನನ್ನನ್ನ ಅಂಗಡಿಗೇ ಸೇರಿಸಲ್ಲ."

"ಅವರಿಗೆ ಯಾರು ಹೇಳ್ತಾರೆ? ಆ ಎತ್ತರಕ್ಕೆ ನಾನಂತೂ ಬರೋದಿಲ್ಲ ಪುಟ್ಟಿ. ಅಲ್ಲಿಗೆ ಅದೊಂದೇ ಹೋಗಿ ಬರ್ಲಿ. ಗಟ್ಟಿಯಾಗಿರೋದೇ ಹೋಗ್ಲಿ. ನಾವು ಕೆಳಗೆ ಒಟ್ಟಿಗಿರೋಣ."

ಅವಳು ಅದನ್ನು ಯಾವ ದುಃಖವೂ ಇಲ್ಲದೆ ಹೇಳಿದಳು, ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗಬೇಕು ಎಂದು ಹೇಳುವ ಹಾಗೆ. ಸರಿ ಎಂದೆ. ಬಿಸಿಲಿತ್ತು, ಅಲ್ಲೇ ಕೂತಿದ್ದೆವು.

ಆಗಸ್ಟ್ ೧೭, ಭಾನುವಾರ

ಕಾರ್ಯಕ್ರಮ ಮುಗಿಯಿತು.

ಮಧ್ಯಾಹ್ನವೇ ಹೋಗಿ, ಹಾಲ್‌ನ ಗಾಳಿಗೆ ಹೊಂದಿಕೊಳ್ಳಲಿ ಎಂದು ವಾದ್ಯವನ್ನು ಚೀಲದಿಂದ ತೆಗೆದಿಟ್ಟಿದ್ದೆ. ಫ್ಯಾನುಗಳನ್ನು ಆರಿಸಲು ಮೇಡಂ ಒಪ್ಪಿದರು. ಭಾವ ಹೊಸ ಅಂಗಿ ಹಾಕಿಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದರು, ಬೇರೆಲ್ಲಿ ಕೂರುತ್ತಾರೆ. ಬಿರಡೆಯವರು ಕೊನೆಯಲ್ಲಿ, ಕೈ ಜೇಬಿನಲ್ಲಿ. ಒಳಗೆ ಬಿರಡೆ ತಿರುಗುತ್ತಿರುವುದು ನನಗೆ ಕಾಣುತ್ತಿತ್ತು.

ಅಕ್ಕ ಮೊದಲ ಸಾಲು ಹಾಡಿದಾಗ ಕುರ್ಚಿಗಳು ಕಿರುಗುಟ್ಟಿದವು. ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಅವರನ್ನು ನೋಡಬಾರದೆಂದುಕೊಂಡಿದ್ದೆ, ನೋಡಿದೆ. ಎದುರಿನ ಸಾಲಿನ ಒಬ್ಬ ಹೆಂಗಸಿನ ಕನ್ನಡಕ ಎಡಕ್ಕೆ ವಾಲಿತ್ತು. ಎರಡು ನಿಮಿಷದ ಕೆಲಸ, ಯಾರೂ ಮಾಡಿಕೊಟ್ಟಿಲ್ಲ. ಅದನ್ನೇ ನೋಡುತ್ತ ನುಡಿಸಿದೆ. ಎರಡನೆಯ ಚರಣಕ್ಕೆ ಬರುವಾಗ ಕುರ್ಚಿಗಳು ಸುಮ್ಮನಾಗಿದ್ದವು. ಹೀಗೆ ಮೆಲ್ಲಗೆ ಹಾಡಿದರೆ ಜನ ಮುಂದಕ್ಕೆ ಬಾಗಿ ಕೇಳುತ್ತಾರೆ ಎಂಬುದು ಗೊತ್ತಿರಲಿಲ್ಲ.

ಮೂರನೆಯ ಹಾಡಿನ ನಡುವೆ ನಡುವಿನ ಜೋಡಿ ಜಾರಿತು. ಚೆನ್ನಾಗಿಯೇ ಜಾರಿತು, ಮುಚ್ಚಿಡುವ ಹಾಗಿರಲಿಲ್ಲ. ಕೈ ನಿಲ್ಲಿಸಿದೆ.

ಅಕ್ಕ ಜನರ ಕಡೆ ತಿರುಗಿ, "ಸ್ವಲ್ಪ ಇರಿ," ಎಂದಳು. "ನಮ್ಮಿಬ್ಬರದೂ ಈಗ ಹೀಗೇ. ಸರಿಹೋಗೋಕೆ ಹೊತ್ತು ಬೇಕು."

ಜನ ನಕ್ಕರು. ಅವಳು ಸ್ವರ ಹಿಡಿದು ಕೊಟ್ಟಳು. ನಾನು ಬಿರಡೆ ತಿರುಗಿಸುತ್ತ ತಂತಿಯನ್ನು ಅವಳ ಹತ್ತಿರಕ್ಕೆ ತಂದೆ. ಅಷ್ಟೂ ಹೊತ್ತು ಯಾರೂ ಕೆಮ್ಮಲಿಲ್ಲ. ತಂತಿ ಕೂಡಿದಾಗ ಹಿಂದೆ ಯಾರೋ "ಹಾಂ" ಎಂದರು, ತಮ್ಮದೇ ಏನೋ ಸರಿಹೋದ ಹಾಗೆ. ಬಿಟ್ಟಲ್ಲಿಂದ ಮುಂದುವರಿಸಿದೆವು.

ಎಲ್ಲರಿಗೂ ಹಿಡಿಸಿತೆಂದಲ್ಲ. ಪ್ರತಿ ವರ್ಷ ಬರುವ ಯಜಮಾನರೊಬ್ಬರು ಹೊರಗೆ ಹೋಗುತ್ತ ನನ್ನ ಹತ್ತಿರ ನಿಂತು, "ಮೊದಲಿನ ಹಾಗಿಲ್ಲ," ಎಂದರು. ಹೌದು, ಮೊದಲಿನ ಹಾಗಿಲ್ಲ ಎಂದೆ. ಅವರು ಕೊಡೆ ಹುಡುಕಿಕೊಂಡು ಹೋದರು.

ಬಿರಡೆಯವರು ಮಾತ್ರ ಕಣ್ಣೊರೆಸಿಕೊಂಡು ನನ್ನ ಎರಡೂ ಕೈ ಹಿಡಿದುಕೊಂಡರು. "ಕೇಳಿದ್ರಾ ಆ ಮೇಲಿನ ತಂತೀನ? ಏನು ಜೀವ! ಕರುಳು ಅಂದ್ರೆ ಅದು ಕಣ್ರೀ. ನೈಲಾನಿಗೆ ಬರುತ್ತಾ ಅದು?"

ನಾನು ಅಕ್ಕನ ಮುಖ ನೋಡಲಿಲ್ಲ. ನೋಡಿದ್ದರೆ ಕೆಟ್ಟುಹೋಗುತ್ತಿತ್ತು.

"ಎಲ್ಲಿ ಬರುತ್ತೆ," ಎಂದೆ.

ಆಗಸ್ಟ್ ೧೯, ಮಂಗಳವಾರ

ಲ್ಯೂಟನ್ನು ಮನೆಗೆ ತರಬಹುದಿತ್ತು. ತರಲಿಲ್ಲ. ಬೆಕ್ಕಿದೆಯಲ್ಲ.

ಆಗಸ್ಟ್ ೨೮, ಗುರುವಾರ

ಇವತ್ತು ಅಂಗಡಿಯಲ್ಲಿ ಜನವೋ ಜನ. ಶಾಲೆ ಮಕ್ಕಳ ಕಣ್ಣು ಪರೀಕ್ಷೆ ನಡೆದಿದೆಯಂತೆ, ಎಲ್ಲ ತಾಯಂದಿರೂ ಒಟ್ಟಿಗೇ ಬಂದಿದ್ದರು. ಒಳಗಿನ ಮೇಜಿನಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದೆ. ಕೌಂಟರಿನಲ್ಲಿ ಕೂರುವ ಹುಡುಗಿ ಬಂದು, "ಮೇಡಂ, ನಿಮಗೆ ಫೋನು. ಯಾರೋ ವಯಸ್ಸಾದ ಯಜಮಾನ್ರು," ಎಂದಳು.

ಯಾರಪ್ಪಾ ಎಂದುಕೊಂಡು ಎತ್ತಿದೆ.

"ಬರ್ತಾ ದಾರಿಯಲ್ಲಿ ಬಿಳಿ ದಾರ ತಗೊಂಡು ಬಾ. ನಿಮ್ಮ ಭಾವನ ಹತ್ರ ಖಾಲಿಯಾಗಿದೆ. ದಪ್ಪದ್ದು ಬೇಡ," ಎಂದಳು ಅಕ್ಕ. ಆಪರೇಷನ್ ಆದಮೇಲೆ ಅವಳು ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ಯಾಕೆ ನಗುತ್ತಿದ್ದೀಯಾ ಎಂದು ಬೈದಳು. ದಾರ ತರುತ್ತೇನೆ ಎಂದು ಫೋನ್ ಇಟ್ಟೆ.

"ಯಜಮಾನ್ರಲ್ಲ, ನಮ್ಮಕ್ಕ," ಎಂದೆ. ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಹಾಗಾ ಇರೋದು ಅವರ ಧ್ವನಿ?" ಎಂದು ಕೇಳಿದಳು.

"ಹೂಂ, ಹಾಗೇ," ಎಂದೆ.

ಆಮೇಲೆ ಗಾಜು ಉಜ್ಜುತ್ತ, ಮೊದಲು ಹೇಗಿತ್ತು ಎಂದು ಕಿವಿಗೆ ತಂದುಕೊಳ್ಳಲು ನೋಡಿದೆ. ಹಾಡುಗಳು ಬಂದವು, ಹಾಲ್ ಬಂತು, ಅವಳು ಹಾಕಿಕೊಂಡಿದ್ದ ಸೀರೆ ಕೂಡ ಬಂತು. ಆದರೆ ಅವಳು ಬಾಯಿ ತೆರೆದಾಗ ಆ ನೆನಪಿನಲ್ಲೂ ಈಗಿನ ಧ್ವನಿಯೇ. ಅಷ್ಟರಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಒಳಗೇ ಬಂದುಬಿಟ್ಟಳು, ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು.

ದಾರ ಎರಡು ಉಂಡೆ ತಂದೆ. ದಪ್ಪದ್ದಲ್ಲ.